ಸುಂಟರಗಾಳಿಯೂ ಶಬ್ದನಿಷೇಧವೂ

೧

ಗಾಳಿಯಿಂದಾಗುವ ಉತ್ಪಾತಗಳಿಗೆ ನಮ್ಮ ಪೂರ್ವಿಕರು ಇಟ್ಟಿರುವ ಹೆಸರುಗಳು ಅನೇಕವಾಗಿವೆ. ಅಮರಸಿಂಹನು ಮಹಾವಾತಕ್ಕೆ ಪ್ರಕಂಪನವೆಂದೂ, ಮಳೆಯೊಡನೆ ಬೀಸುವ ಗಾಳಿಗೆ ಝಂಝಾವಾತವೆಂದೂ ಬೇರೆಬೇರೆ ಹೆಸರುಗಳನ್ನು ಹೇಳಿರುವನು. ಗಾಳಿಗಳ ಸಮೂಹವೆಂಬ ಅರ್ಥದಲ್ಲಿ ‘ವಾತ್ಯಾ’ ಎಂಬ ಶಬ್ದವು ಪಾಣಿನೀಯದಿಂದ ಸಿದ್ಧವಾಗುತ್ತದೆ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ರಜಸ್ಸಿನ ಲಕ್ಷಣಕ್ಕೂ ನಿರ್ಘಾತದ ಲಕ್ಷಣಕ್ಕೂ ಪ್ರತ್ಯೇಕವಾದ ಅಧ್ಯಾಯಗಳನ್ನೇ ಮೀಸಲಿಟ್ಟಿರುವನು. ಭಾಗವತದ ದಶಮಸ್ಕಂಧದಲ್ಲಿ ತೃಣಾವರ್ತನೆಂಬ ಅಸುರನು ಚಕ್ರವಾತದ ರೂಪದಿಂದ ಬಂದು, ಗೋಕುಲವನ್ನೆಲ್ಲ ಧೂಳಿನಿಂದ ಮುಚ್ಚಿ, ಶಿಶುವಾದ ಕೃಷ್ಣನನ್ನು ಎತ್ತಿಕೊಂಡು ಹೋದ ಕಥೆಯು ಸರ್ವವಿದಿತವಾದುದು. ಅಪಾಯವು ಯಾವ ರೂಪದಲ್ಲಿ ಬಂದರೂ ಅದಕ್ಕೊಂದು ಹೆಸರಿಟ್ಟು, ಆ ಹೆಸರಿಗೊಂದು ಲಕ್ಷಣವನ್ನು ಹೇಳುವುದು ಶಾಸ್ತ್ರಕಾರರ ಮೊದಲ ಕರ್ತವ್ಯವೆಂದು ಎಣಿಸಲ್ಪಟ್ಟಿದ್ದಿತು.

ಕನ್ನಡದ ಒಕ್ಕಲಿಗನು ಸುಂಟರಗಾಳಿಯೆಂದರೆ ಬೇಸಗೆಯಲ್ಲಿ ಬರಿಯ ಹೊಲದ ಮೇಲೆ ಧೂಳನ್ನೂ ತರಗೆಲೆಯನ್ನೂ ಸುತ್ತಿಸಿ ಎತ್ತುವ ಗಾಳಿಯನ್ನು ಮೊದಲು ನೆನೆಯುವನು. ಅದು ಬಿಸಿಲಿನಿಂದ ಕಾದ ನೆಲದಲ್ಲಿ ಹುಟ್ಟಿ ಕ್ಷಣಾರ್ಧದಲ್ಲಿ ಅಡಗುವಂಥದು. ಸಾಮಾನ್ಯವಾಗಿ ಯಾರಿಗೂ ಹಾನಿಯನ್ನು ಮಾಡುವುದಿಲ್ಲ. ಇಂಗ್ಲಿಷಿನವರು ‘ಟಾರ್ನೇಡೊ’ ಎಂದು ಹೇಳುವ ಗಾಳಿಗೂ ನಾವು ಇದೇ ಹೆಸರನ್ನು ಹೇಳುವೆವಾದರೂ ಅದು ಗುಡುಗುಮೋಡದ ಬುಡದಿಂದ ಇಳಿದು ನೆಲವನ್ನು ಮುಟ್ಟುವ ಬೇರೊಂದು ಜಾತಿಯ ಸುಳಿ. ಚಂಡಮಾರುತವೆಂದು ನಮ್ಮ ವೃತ್ತಪತ್ರಿಕೆಗಳು ಕರೆಯುವ ‘ಸೈಕ್ಲೋನ್’ ಇವೆರಡಕ್ಕಿಂತಲೂ ಭಿನ್ನವಾದುದು. ಅದು ಕಡಲಿನ ಮೇಲೆ ಹುಟ್ಟಿ, ನೂರಾರು ಮೈಲಿಗಳಷ್ಟು ಹರಡಿ, ದಿನಗಟ್ಟಲೆ ಬಾಳುವುದು. ಸುಂಟರಗಾಳಿಯಾದರೋ ಸಾಮಾನ್ಯವಾಗಿ ಕೆಲವು ನೂರು ಗಜಗಳ ಅಗಲವುಳ್ಳದ್ದಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುವುದು. ‘ಸೈಕ್ಲೋನ್’ ಎಂಬ ಶಬ್ದವನ್ನು ಕಲ್ಪಿಸಿದವನು ೧೯ನೆಯ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬುವನು. ಹಾವಿನ ಸುರುಳಿಯನ್ನು ಹೋಲುವ ಗತಿಯನ್ನು ಸೂಚಿಸುವುದಕ್ಕಾಗಿ ಆತನು ಗ್ರೀಕಿನಿಂದ ಅದನ್ನು ತೆಗೆದುಕೊಂಡನು. ಬಂಗಾಳದ ಕಡಲಿಗಾಗಿ ಹುಟ್ಟಿದ ಈ ಮಾತು ಅಮೆರಿಕಾದ ಬಯಲಿಗೆ ಹೋದಾಗ ಅಲ್ಲಿಯ ಒಕ್ಕಲಿಗರು ಅದನ್ನು ಸುಂಟರಗಾಳಿಗೇ ಬಳಸಿದರೆಂಬುದು ಶಬ್ದಚರಿತ್ರೆಯಲ್ಲಿ ಒಂದು ವಿನೋದ. ‘ಟಾರ್ನೇಡೊ’ ಎಂಬುದಾದರೂ ಗುಡುಗುಮಳೆಯೆಂಬ ಅರ್ಥದ ಸ್ಪ್ಯಾನಿಷ್ ಶಬ್ದವು, ತಿರುಗುವುದೆಂಬ ಅರ್ಥದ ಇನ್ನೊಂದು ಶಬ್ದದ ಸಂಪರ್ಕದಿಂದ ರೂಪಾಂತರವನ್ನು ಹೊಂದಿದುದು.

ಈ ‘ಟಾರ್ನೇಡೊ’ ಎಂಬ ಶಬ್ದವನ್ನು, ಯಾವ ದೇಶದಲ್ಲಿ ಆ ಗಾಳಿಯು ಪ್ರಪಂಚದ ಉಳಿದೆಲ್ಲ ದೇಶಗಳಿಗಿಂತಲೂ ಹೆಚ್ಚಾಗಿ ಬೀಸುವುದೋ ಆ ದೇಶದ ಹವಾಮಾನದ ಇಲಾಖೆಯೇ ಸುಮಾರು ಅರ್ಧ ಶತಮಾನದ ಕಾಲ ತನ್ನ ಮುನ್ಸೂಚನೆಗಳಲ್ಲಿ ಉಚ್ಚರಿಸದೆ ಇದ್ದಿತು. ಆ ನಿಷೇಧವು ಹೇಗೆ ಹುಟ್ಟಿತು, ಅದಕ್ಕೆ ಕೊಟ್ಟ ಹೇತುಗಳಾವುವು, ಅದರಿಂದ ಒಕ್ಕಲುನಾಡಿಗೆ ಒದಗಿದುದೇನು, ಎಂಬುದನ್ನು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ನಡುನಾಡು ಬಹುಮಟ್ಟಿಗೆ ಸಮತಲವಾದ ಬಯಲು. ದಕ್ಷಿಣದ ಮೆಕ್ಸಿಕೊ ಕೊಲ್ಲಿಯಿಂದ ಬೆಚ್ಚಗಿನ ಆರ್ದ್ರವಾಯುವೂ, ಪಶ್ಚಿಮದ ಎತ್ತರದ ನೆಲದಿಂದ ಒಣವಾಯುವೂ, ಉತ್ತರದಿಂದ ತಣ್ಣನೆಯ ವಾಯುವೂ ತಡೆಯಿಲ್ಲದೆ ಬಂದು ಅಲ್ಲಿ ಸಂಧಿಸುತ್ತವೆ. ನೆಲದ ಮಟ್ಟದ ಗಾಳಿಯು ಒಂದು ದಿಕ್ಕಿನಲ್ಲಿಯೂ ಮೇಲಿನ ಗಾಳಿಯು ಇನ್ನೊಂದು ದಿಕ್ಕಿನಲ್ಲಿ ಇನ್ನೂ ವೇಗವಾಗಿಯೂ ಬೀಸುವಾಗ, ಏರುತ್ತಿರುವ ಗುಡುಗುಮೋಡವು ತಾನೇ ತಿರುಗತೊಡಗುವುದು. ಅಂಥ ಮೋಡಗಳಲ್ಲಿ ಕೆಲವು ಮಾತ್ರ ಸುಂಟರಗಾಳಿಯನ್ನು ಹೆರುತ್ತವೆ. ಯಾವುದು ಹೆರುವುದು, ಯಾವುದು ಹೆರದು, ಎಂಬುದನ್ನು ಪೂರ್ತಿಯಾಗಿ ನಿರ್ಣಯಿಸುವುದು ಇಂದಿನ ವಿದ್ವಾಂಸರಿಗೂ ಸಾಧ್ಯವಾಗಿಲ್ಲ.

೧೮೬೨ರ ಶಾಸನವೊಂದರಿಂದ ೧೬೦ ಎಕರೆ ನೆಲವನ್ನು ಉತ್ತು ನೆಲಸುವವನಿಗೆ ಕೊಡುವ ಏರ್ಪಾಡಾದ ಮೇಲೆ, ಈ ಬಯಲಿನ ಪಶ್ಚಿಮಭಾಗದಲ್ಲಿ ಒಕ್ಕಲುಗಳು ಹೆಚ್ಚಿದುವು. ನಮ್ಮ ಸೀಮೆಯಲ್ಲಿ ಮನೆಗಳೆಲ್ಲ ಊರೊಳಗೆ ಒತ್ತಾಗಿದ್ದು ಹೊಲಗಳು ಊರ ಹೊರಗೆ ಇರುವುದು ವಾಡಿಕೆ. ಅಲ್ಲಿಯಾದರೋ ಪ್ರತಿಯೊಬ್ಬನ ಮನೆಯೂ ಅವನವನ ಹೊಲದ ನಡುವೆಯೇ ಇರುವುದು. ಮರದ ಚೌಕಟ್ಟಿನ ಮನೆ, ಅದರ ಪಕ್ಕದಲ್ಲಿ ಮೇಲೆ ಹುಲ್ಲಿನ ಅಟ್ಟವೂ ಕೆಳಗೆ ದನಕುದುರೆಗಳ ನಿಲುಗಡೆಯೂ ಉಳ್ಳ ದೊಡ್ಡ ಕೊಟ್ಟಿಗೆ, ಮುಸುಕಿನ ಜೋಳದ ಕಣಜ, ಗಾಳಿಯಿಂದ ನೀರೆತ್ತುವ ಯಂತ್ರ, ಇವಿಷ್ಟೇ ಒಂದು ಸಂಸಾರದ ಸರ್ವಸ್ವ. ನೆರೆಮನೆಯವನನ್ನು ಕೂಗಿ ಎಚ್ಚರಿಸುವಷ್ಟು ಸಮೀಪವಿಲ್ಲ. ಪೇಟೆಯಲ್ಲಿ ಗಂಟೆಯನ್ನು ಬಾರಿಸಿದರೆ ಇಲ್ಲಿಗೆ ಕೇಳಿಸದು.

ಈ ಗಾಳಿಯು ಕಟ್ಟಡವನ್ನು ಕೆಡಹುವ ಕ್ರಮವನ್ನು ಕುರಿತು ಬಹುಕಾಲ ಒಂದು ತಪ್ಪು ತಿಳಿವಳಿಕೆಯಿದ್ದಿತು. ಸುಳಿಯ ಒಳಗಿನ ಒತ್ತಡವು ಕಡಮೆಯಾದುದರಿಂದ ಮನೆಯು ಒಳಗಿನಿಂದ ಸಿಡಿಯುವುದೆಂದೂ, ಆದಕಾರಣ ಕಿಟಕಿಗಳನ್ನು ತೆರೆದಿಡಬೇಕೆಂದೂ ಹೇಳುತ್ತಿದ್ದರು. ಕೆಡಹುವುದು ಗಾಳಿಯ ಬಲವೂ, ಅದು ಹೊತ್ತು ತರುವ ಹಲಗೆ ಕಲ್ಲು ತಗಡುಗಳ ಹೊಡೆತವೂ ಆಗಿವೆಯೆಂದು ಈಗ ನಿಶ್ಚಿತವಾಗಿದೆ. ಕೊಟ್ಟಿಗೆಯ ವಿಶಾಲವಾದ ಬಾಗಿಲು ಮುರಿದೊಡನೆ ಗಾಳಿಯು ಒಳಹೊಕ್ಕು ಸೂರನ್ನು ಕೆಳಗಿನಿಂದ ನೂಕುವುದು. ಹೊರಗೆ ಸೂರಿನ ಮೇಲೆ ಹಾಯುವ ಗಾಳಿಯು ಅದನ್ನು ಮೇಲಕ್ಕೆ ಸೆಳೆಯುವುದು. ಸೂರು ಹೋದರೆ ಗೋಡೆಗಳಿಗೆ ಆಧಾರ ತಪ್ಪುವುದು. ಕಿಟಕಿಯನ್ನು ತೆರೆಯಲು ಹೋದವನು ಗಾಜಿನ ಚೂರುಗಳಿಗೆ ಎದೆಯೊಡ್ಡಿದಂತಾಗುವುದೇ ವಿನಾ ಮನೆಯು ಉಳಿಯುವುದಿಲ್ಲ.

ಒಕ್ಕಲಿಗರು ಅನುಭವದಿಂದ ಕಂಡುಕೊಂಡ ಉಪಾಯವು ನೆಲವನ್ನು ಹೊಗುವುದು. ಮನೆಯ ಹಿತ್ತಿಲಿನಲ್ಲಿ ಗುಂಡಿಯನ್ನು ತೋಡಿ, ಮೇಲೆ ಮಣ್ಣನ್ನು ಹೊದಿಸಿ, ಓರೆಯಾದ ಬಾಗಿಲನ್ನು ಇಟ್ಟ ನೆಲಮಾಳಿಗೆಗಳನ್ನು ಅವರು ಕಟ್ಟಿಕೊಂಡರು. ನಮ್ಮ ಒಕ್ಕಲಿಗರು ಹಗೇವನ್ನು ತೋಡಿ ಕಾಳನ್ನು ಕಾಪಾಡಿದರೆ, ಅವರು ಅಂಥದೇ ಗುಂಡಿಯಲ್ಲಿ ಹಣ್ಣುತರಕಾರಿಗಳೊಡನೆ ತಮ್ಮ ಪ್ರಾಣವನ್ನೂ ಕಾಪಾಡಿಕೊಂಡರು. ಆದರೆ ನೆಲಮಾಳಿಗೆಯಿದ್ದರೆ ಮಾತ್ರ ಸಾಲದು. ಅದನ್ನು ಯಾವಾಗ ಹೊಗಬೇಕೆಂಬುದು ತಿಳಿದಿರಬೇಕು. ಎಲ್ಲ ಪ್ರಶ್ನೆಯೂ ಇಲ್ಲಿಗೆ ಬಂದು ನಿಲ್ಲುತ್ತದೆ.

೩

ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಅಗ್ರಗಣ್ಯನು ಜಾನ್ ಪಾರ್ಕ್ ಫಿನ್ಲೆ. ೧೮೫೪ರಲ್ಲಿ ಮಿಷಿಗನ್ ಸಂಸ್ಥಾನದಲ್ಲಿ ಹುಟ್ಟಿದ ಈತನು ೧೮೭೭ರಲ್ಲಿ ಸೈನ್ಯದ ಸಂಕೇತ ವಿಭಾಗವನ್ನು ಸೇರಿದನು. ಆಗ ದೇಶದ ಹವಾಮಾನದ ಕೆಲಸವೆಲ್ಲ ಈ ವಿಭಾಗದ ವಶದಲ್ಲಿದ್ದಿತು. ೧೮೭೯ರ ಮೇ ತಿಂಗಳ ಕೊನೆಯಲ್ಲಿ ಕ್ಯಾನ್ಸಾಸ್, ನೆಬ್ರಾಸ್ಕ, ಮಿಸೌರಿ, ಅಯೋವಾ ಸಂಸ್ಥಾನಗಳಲ್ಲಿ ಅನೇಕ ಸುಂಟರಗಾಳಿಗಳು ಬೀಸಿ ಹಾನಿಯಾದಾಗ, ಫಿನ್ಲೆಯು ಅಲ್ಲಿಗೆ ಹೋಗಿ ಹಾನಿಯ ಜಾಡುಗಳನ್ನು ಹಿಡಿದು ವಿವರಗಳನ್ನು ಸಂಗ್ರಹಿಸಿ ವರದಿಯನ್ನು ಬರೆದನು. ಅನಂತರ ೬೦೦ ಸುಂಟರಗಾಳಿಗಳ ವೃತ್ತಾಂತಗಳನ್ನು ಒಟ್ಟುಗೂಡಿಸಿ, ಅವು ಯಾವ ತಿಂಗಳಲ್ಲಿ, ದಿನದ ಯಾವ ಹೊತ್ತಿನಲ್ಲಿ, ಯಾವ ದಿಕ್ಕಿನಿಂದ ಬರುವುವೆಂಬುದನ್ನು ಪರಿಶೀಲಿಸಿದನು. ಬಹುಭಾಗವು ನೈಋತ್ಯದಿಂದ ಈಶಾನ್ಯದ ಕಡೆಗೆ ಹೋಗುವುವೆಂಬ ಮಾತು ಈ ಪರಿಶೀಲನೆಯಿಂದ ದೃಢವಾಯಿತು. ಊರೂರುಗಳಲ್ಲಿ ಸ್ವಂತ ಇಚ್ಛೆಯಿಂದ ವರದಿ ಮಾಡುವವರ ಒಂದು ದೊಡ್ಡ ಜಾಲವನ್ನೂ ಈತನು ಏರ್ಪಡಿಸಿದನು.

೧೮೮೪ರ ಮಾರ್ಚಿ ತಿಂಗಳಿನಿಂದ ಫಿನ್ಲೆಯು ಪರೀಕ್ಷಾರ್ಥವಾಗಿ ಮುನ್ಸೂಚನೆಗಳನ್ನು ಬರೆಯಲಾರಂಭಿಸಿದನು. ರಾಕಿ ಪರ್ವತಗಳ ಪೂರ್ವಕ್ಕಿರುವ ದೇಶವನ್ನು ೧೮ ವಿಭಾಗಗಳಾಗಿ ಮಾಡಿಕೊಂಡು, ಪ್ರತಿಯೊಂದು ವಿಭಾಗಕ್ಕೂ ನಿಯತವಾದ ಅವಧಿಗಳಲ್ಲಿ ‘ಸುಂಟರಗಾಳಿಗೆ ಅನುಕೂಲವಿದೆ’ ಅಥವಾ ‘ಇಲ್ಲ’ ಎಂದು ನಿರ್ಣಯಿಸುವುದು ಅದರ ಕ್ರಮ. ಆ ವರ್ಷವೇ ತನ್ನ ಫಲಿತಾಂಶಗಳನ್ನು ಪ್ರಕಟಿಸಿ, ನೂರಕ್ಕೆ ೯೫ಕ್ಕೂ ಮಿಕ್ಕಿ ತನ್ನ ನಿರ್ಣಯಗಳು ಸರಿಯಾದುವೆಂದು ಆತನು ಹೇಳಿಕೊಂಡನು.

ಈ ಲೆಕ್ಕದ ಮೇಲೆ ನಡೆದ ಚರ್ಚೆಯು ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ವಿಶೇಷವಾಗಿ ಆಸ್ವಾದ್ಯವಾದುದು. ಅಂಕೆಗಳು ಹೀಗಿವೆ: ಒಟ್ಟು ನಿರ್ಣಯಗಳು ೨,೮೦೩. ಅವುಗಳಲ್ಲಿ ‘ಇದೆ’ ಎಂದು ಹೇಳಿದುವು ೧೦೦. ಈ ನೂರರಲ್ಲಿ ೨೮ರಲ್ಲಿ ಸುಂಟರಗಾಳಿಯು ಬಂದಿತು, ೭೨ರಲ್ಲಿ ಬರಲಿಲ್ಲ. ‘ಇಲ್ಲ’ ಎಂದು ಹೇಳಿದ ೨,೭೦೩ರಲ್ಲಿ ೨೩ರಲ್ಲಿ ಬಂದಿತು, ಮಿಕ್ಕ ೨,೬೮೦ರಲ್ಲಿ ಬರಲಿಲ್ಲ. ೨೮ನ್ನೂ ೨,೬೮೦ನ್ನೂ ಕೂಡಿಸಿದರೆ ನೂರಕ್ಕೆ ೯೬.೬ ಆಗುವುದು ದಿಟ. ಆದರೆ ಒಬ್ಬನು ಮೋಡವನ್ನು ತಲೆಯೆತ್ತಿಯೂ ನೋಡದೆ ಸದಾ ‘ಇಲ್ಲ, ಇಲ್ಲ’ ಎನ್ನುತ್ತ ಕುಳಿತಿದ್ದರೆ ೨,೭೫೨ ಸಲ ಅವನ ಮಾತು ಸತ್ಯವಾಗಿ, ನೂರಕ್ಕೆ ೯೮.೨ರ ಯಶಸ್ಸು ಅವನಿಗೆ ಲಭಿಸುತ್ತಿದ್ದಿತು! ಈ ಬಗೆಯ ಲೆಕ್ಕದಲ್ಲಿರುವ ದೋಷವನ್ನು ಅದೇ ೧೮೮೪ರಲ್ಲಿ ಭೂಗರ್ಭಶಾಸ್ತ್ರಜ್ಞನಾದ ಗಿಲ್ಬರ್ಟನು ಎತ್ತಿ ತೋರಿಸಿದನು. ತರ್ಕಶಾಸ್ತ್ರಜ್ಞನೆಂದು ಪ್ರಸಿದ್ಧನಾದ ಚಾರ್ಲ್ಸ್ ಪರ್ಸನು ಮುನ್ಸೂಚನೆಯ ಯಶಸ್ಸನ್ನು ಅಳೆಯುವ ಬೇರೊಂದು ಮಾನವನ್ನು ಆ ವರ್ಷವೇ ಸೂಚಿಸಿದನು.

ಇದನ್ನು ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ವಿಷಯವು ಇನ್ನೂ ವಿಶದವಾಗುವುದು. ಲಕ್ಷಣಕ್ಕೆ ಮೂರು ದೋಷಗಳುಂಟೆಂದು ತಾರ್ಕಿಕರು ಹೇಳುವರು. ಗೋವಿಗೆ ಕೊಂಬುಂಟೆಂಬುದನ್ನೇ ಲಕ್ಷಣವೆಂದರೆ ಅದು ಎಮ್ಮೆಗೂ ಹೋಗುವುದು; ಇದು ಅತಿವ್ಯಾಪ್ತಿ. ಕಪಿಲವರ್ಣವು ಲಕ್ಷಣವೆಂದರೆ ಬಿಳಿಯ ಗೋವು ಬಿಟ್ಟುಹೋಗುವುದು, ಇದು ಅವ್ಯಾಪ್ತಿ. ಸೀಳಿಲ್ಲದ ಒಂದೇ ಗೊರಸು ಲಕ್ಷಣವೆಂದರೆ ಅದು ಯಾವ ಗೋವಿಗೂ ಹೊಂದದು, ಇದು ಅಸಂಭವ. ಫಿನ್ಲೆಯ ಲಕ್ಷಣದಲ್ಲಿ ೭೨ ಅತಿವ್ಯಾಪ್ತಿಗಳೂ ೨೩ ಅವ್ಯಾಪ್ತಿಗಳೂ ಇದ್ದುವು. ಆದರೂ ೫೧ ಲಕ್ಷ್ಯಗಳಲ್ಲಿ ೨೮ನ್ನು ಅದು ಹಿಡಿಯಿತು. ಸದಾ ‘ಇಲ್ಲ’ ಎನ್ನುವವನ ಲಕ್ಷಣವು ೫೧ರಲ್ಲಿ ಒಂದನ್ನೂ ಹಿಡಿಯದೆ ಅಸಂಭವದೋಷದಿಂದ ಪೂರ್ತಿಯಾಗಿ ದುಷ್ಟವಾದುದು. ಅಂಕೆಯಲ್ಲಿ ಮಾತ್ರ ಅದೇ ಶ್ರೇಷ್ಠವಾಗಿ ಕಾಣುವುದು. ಗಿಲ್ಬರ್ಟನ ವಿಮರ್ಶೆಯ ತಾತ್ಪರ್ಯವು ಲಕ್ಷಣವನ್ನು ತಿದ್ದಬೇಕೆಂಬುದಾಗಿದ್ದಿತು. ಅಧಿಕಾರಿಗಳು ಮುಂದೆ ಹಿಡಿದ ದಾರಿಯಾದರೋ ಲಕ್ಷಣವನ್ನೇ ಹೇಳದಿರುವುದು.

೪

೧೮೮೭ರ ಸುಮಾರಿಗೆ ಸಂಕೇತ ವಿಭಾಗದ ಮುಖ್ಯಾಧಿಕಾರಿಗಳು ಮುನ್ಸೂಚನೆಗಳಲ್ಲಿ ‘ಟಾರ್ನೇಡೊ’ ಎಂಬ ಶಬ್ದವನ್ನು ಬಳಸಕೂಡದೆಂದು ನಿರ್ಧರಿಸಿದರು. ಅವರು ಕೊಟ್ಟ ಹೇತುವು ಇದು: ಇಂಥ ಮುನ್ಸೂಚನೆಯಿಂದ ಜನರಲ್ಲಿ ಉಂಟಾಗುವ ದಿಗಿಲಿನ ಹಾನಿಯು ಗಾಳಿಯಿಂದಾಗುವ ಹಾನಿಯನ್ನು ಮೀರುವುದು. ವಿಶಾಲವಾದ ಒಂದು ವಿಭಾಗದಲ್ಲಿ ಗಾಳಿಯು ನಿಜವಾಗಿ ತುಳಿಯುವುದು ಒಂದು ಕಿರಿದಾದ ಪಟ್ಟಿಯನ್ನು ಮಾತ್ರ. ಅದಕ್ಕಾಗಿ ಲಕ್ಷಾಂತರ ಜನರನ್ನು ಬೆದರಿಸುವುದು ತರವಲ್ಲ ಎಂಬುದು ಅವರ ಆಶಯ. ಇದಲ್ಲದೆ, ಹೊಸದಾಗಿ ಒಕ್ಕಲಾಗುತ್ತಿದ್ದ ಸೀಮೆಗಳಿಗೆ ಸುಂಟರಗಾಳಿಯ ನಾಡೆಂಬ ಹೆಸರು ಬಂದರೆ ನೆಲದ ಬೆಲೆ ಇಳಿಯುವುದೆಂದೂ ಬಂಡವಾಳವು ಬಾರದೆಂದೂ ಕೆಲವರಿಗೆ ಭಯವಿದ್ದಿತು.

ಫಿನ್ಲೆಯು ಅದೇ ೧೮೮೭ರಲ್ಲಿ ಸುಂಟರಗಾಳಿಗಳ ಸ್ವರೂಪವನ್ನೂ, ಅವನ್ನು ಗಮನಿಸುವ ಬಗೆಯನ್ನೂ, ಆತ್ಮರಕ್ಷಣೆಯ ಉಪಾಯಗಳನ್ನೂ ತಿಳಿಸುವ ಪುಸ್ತಕವೊಂದನ್ನು ಪ್ರಕಟಿಸಿದನು. ಅದನ್ನು ಅಚ್ಚುಮಾಡಿದವರು ವಿಮೆಯ ವ್ಯವಹಾರದ ಪತ್ರಿಕೆಯೊಂದರವರು ಎಂಬುದು ಗಮನಾರ್ಹವಾಗಿದೆ. ಸರ್ಕಾರವು ಹೇಳದಿದ್ದ ಅಪಾಯವನ್ನು ವರ್ತಕರು ಲೆಕ್ಕಹಾಕಿ ಬೆಲೆಕಟ್ಟುತ್ತಿದ್ದರು. ಬಡ ಒಕ್ಕಲಿಗನಿಗೆ ವಿಮೆಯನ್ನು ಕೊಳ್ಳುವ ದಾರಿಯುಂಟಾಯಿತು. ನೆಲಮಾಳಿಗೆಯನ್ನು ಹೊಗುವ ಹೊತ್ತು ಯಾವುದೆಂಬುದು ಮಾತ್ರ ತಿಳಿಯದೆ ಹೋಯಿತು.

೧೮೯೧ರ ಜುಲೈ ೧ರಂದು ಹವಾಮಾನದ ಕೆಲಸವು ಸೈನ್ಯದಿಂದ ಬಿಡಿಸಲ್ಪಟ್ಟು ವ್ಯವಸಾಯ ಇಲಾಖೆಗೆ ಸೇರಿತು. ಒಕ್ಕಲಿಗರ ಹಿತಕ್ಕಾಗಿಯೇ ಇರುವ ಇಲಾಖೆಯ ಕೈಗೆ ಬಂದಮೇಲಾದರೂ ನಿಷೇಧವು ಸಡಿಲವಾಗಬಹುದಾಗಿದ್ದಿತು. ಹಾಗಾಗಲಿಲ್ಲ. ಸುಂಟರಗಾಳಿಯ ಮುನ್ಸೂಚನೆಯು ನಿಷಿದ್ಧವೆಂಬ ವಿಧಿಯು ೨೦ನೆಯ ಶತಮಾನದ ಮೊದಲ ದಶಕಗಳ ನಿಯಮಾವಳಿಗಳಲ್ಲಿಯೂ ಮುಂದುವರಿಯಿತು. ಹೇಳಕೂಡದೆಂದ ಮೇಲೆ ತಿಳಿಯುವ ಪ್ರಯತ್ನವೂ ಕುಗ್ಗಿತು. ಫಿನ್ಲೆಯು ಬೇರೆ ಕೆಲಸಗಳಿಗೆ ಹೋದನು. ಆತನು ಕಟ್ಟಿದ ವರದಿಗಾರರ ಜಾಲವು ಚದರಿತು.

೫

ಇಂತಿರಲು ೧೯೨೫ನೆಯ ಇಸವಿ ಮಾರ್ಚಿ ೧೮ನೆಯ ತಾರೀಖು ಬುಧವಾರ ಬಂದಿತು. ಆ ದಿನದ ಮುನ್ಸೂಚನೆಯು ಮಳೆಯನ್ನೂ, ದಿಕ್ಕನ್ನು ಬದಲಿಸುವ ಬಿರುಸಾದ ಗಾಳಿಯನ್ನೂ ಹೇಳಿದ್ದಿತೇ ಹೊರತು ಬೇರೇನನ್ನೂ ಹೇಳಿರಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮಿಸೌರಿ ಸಂಸ್ಥಾನದ ಆಗ್ನೇಯದ ಗುಡ್ಡಗಾಡಿನಲ್ಲಿ ಸುಂಟರಗಾಳಿಯೊಂದು ನೆಲವನ್ನು ಮುಟ್ಟಿತು. ಅಲ್ಲಿಂದ ಅದು ಮಿಸಿಸಿಪ್ಪಿ ನದಿಯನ್ನು ದಾಟಿ, ಇಲಿನಾಯ್ ಸಂಸ್ಥಾನದ ದಕ್ಷಿಣಭಾಗವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸೀಳಿ, ವಾಬಾಷ್ ನದಿಯನ್ನು ಹಾದು, ಇಂಡಿಯಾನಾ ಸಂಸ್ಥಾನದಲ್ಲಿ ನಾಲ್ಕೂವರೆ ಗಂಟೆಯ ಸುಮಾರಿಗೆ ಅಡಗಿತು. ಮೂರೂವರೆ ಗಂಟೆಗಳಲ್ಲಿ ಅದು ನಡೆದ ದಾರಿಯು ೨೧೯ ಮೈಲಿಗಳೆಂದು ಗಣನೆಯಾಗಿದೆ. ಈ ದಾರಿಯ ಮೊದಲಿನ ಮತ್ತು ಕೊನೆಯ ಕೆಲವು ಭಾಗಗಳು ಬೇರೆ ಸುಂಟರಗಾಳಿಗಳದಾಗಿರಬಹುದೆಂದು ಇತ್ತೀಚಿನ ಸಂಶೋಧಕರು ಶಂಕಿಸಿದ್ದಾರೆ. ಅವನ್ನು ಬಿಟ್ಟರೂ ಇಷ್ಟು ದೀರ್ಘವಾದ ಜಾಡು ಅಪೂರ್ವವೇ ಸರಿ. ಅದರ ಅಗಲವು ಮುಕ್ಕಾಲು ಮೈಲಿ, ಕೆಲವೆಡೆ ಒಂದು ಮೈಲಿ. ಮುನ್ನಡೆದ ವೇಗವು ಗಂಟೆಗೆ ಸರಾಸರಿ ೬೨ ಮೈಲಿ.

ಸತ್ತವರು ೬೯೫ ಮಂದಿ, ಗಾಯಗೊಂಡವರು ಎರಡು ಸಾವಿರಕ್ಕೆ ಮೇಲ್ಪಟ್ಟು. ಸತ್ತವರಲ್ಲಿ ೬೧೩ ಮಂದಿ ಇಲಿನಾಯ್ ಸಂಸ್ಥಾನದವರು. ಮರ್ಫಿಸ್ಬರೊ ಎಂಬ ಒಂದೇ ಪಟ್ಟಣದಲ್ಲಿ ೨೩೪ ಮಂದಿ ಮಡಿದರು. ಡಿ ಸೋಟೊ ಎಂಬ ಸಣ್ಣ ಊರಿನಲ್ಲಿ ಶಾಲೆಯು ಕುಸಿದು ೩೩ ಮಕ್ಕಳು ಹೋದರು. ವೆಸ್ಟ್ ಫ್ರ್ಯಾಂಕ್‌ಫರ್ಟಿನಲ್ಲಿ ಅನೇಕ ಗಂಡಸರು ಕಲ್ಲಿದ್ದಲಿನ ಗಣಿಗಳೊಳಗೆ ಕೆಲಸಕ್ಕೆ ಇಳಿದಿದ್ದರು. ನೆಲದಡಿಯಲ್ಲಿದ್ದ ಅವರು ಉಳಿದರು. ಮೇಲೆ ಬಂದು ನೋಡಿದಾಗ ಮನೆಗಳಿರಲಿಲ್ಲ, ಹೆಂಡಿರು ಮಕ್ಕಳಲ್ಲಿ ಎಷ್ಟೋ ಮಂದಿ ಇರಲಿಲ್ಲ.

ಪಟ್ಟಣಗಳ ಹಾನಿಯನ್ನು ಚರಿತ್ರೆಯು ವಿಸ್ತಾರವಾಗಿ ಹೇಳಿದೆ. ಆದರೆ ಆ ಜಾಡಿನ ಬಹುಭಾಗವು ಹೊಲಗಳ ಮೇಲೆಯೇ ಹೋಯಿತೆಂಬುದನ್ನು ಮರೆಯಬಾರದು. ಇಲಿನಾಯಿನ ಪೂರ್ವದಲ್ಲಿರುವ ಹ್ಯಾಮಿಲ್ಟನ್ ಮತ್ತು ವೈಟ್ ಎಂಬ ಎರಡು ಜಿಲ್ಲೆಗಳ ಹಳ್ಳಿಗಾಡಿನಲ್ಲಿಯೇ ೬೫ ಮಂದಿ ಸತ್ತರು. ಇಂಡಿಯಾನಾದಲ್ಲಿ ಗ್ರಿಫಿನ್ ಎಂಬ ಊರನ್ನು ನೆಲಸಮಮಾಡಿ ಪ್ರಿನ್ಸ್‌ಟನ್ನಿಗೆ ಹೋಗುವ ದಾರಿಯಲ್ಲಿ ಸುಮಾರು ೮೫ ಒಕ್ಕಲುಮನೆಗಳನ್ನು ಗಾಳಿಯು ಹಾಳುಮಾಡಿತು. ಮೋಡವನ್ನು ಓದಬಲ್ಲ ಒಕ್ಕಲಿಗರು ಇಷ್ಟು ಮಂದಿ ಹೇಗೆ ಸಿಕ್ಕಿಬಿದ್ದರು? ಸುಂಟರಗಾಳಿಯೆಂದರೆ ಆನೆಯ ಸೊಂಡಿಲಿನಂತೆ ಮೋಡದಿಂದ ಜೋಲುವುದೆಂದು ಅವರು ತಿಳಿದಿದ್ದರು. ಆ ದಿನ ಬಂದುದಕ್ಕೆ ಸೊಂಡಿಲೇ ಕಾಣಲಿಲ್ಲ. ನೆಲಕ್ಕೆ ಹತ್ತಿಕೊಂಡು ಉರುಳುವ ಕಪ್ಪಾದ ಮಂಜಿನಂತೆ, ಕುದಿಯುವ ಮೋಡದಂತೆ ಅದು ಬಂದಿತು. ಕಣ್ಣಿಗೆ ಕಂಡ ರೂಪವು ತಿಳಿದಿದ್ದ ಹೆಸರಿಗೆ ಹೊಂದಲಿಲ್ಲ. ಹೆಸರನ್ನು ಹೇಳಬೇಕಾದವರು ಹೇಳಿರಲಿಲ್ಲ.

ಕಾಲವೂ ಬಿತ್ತನೆಯ ಮುಂಚಿನದಾಗಿದ್ದಿತು. ಕೊಟ್ಟಿಗೆಯೊಡನೆ ಉಳುವ ಕುದುರೆಗಳೂ, ಕಣಜದೊಡನೆ ಬಿತ್ತದ ಕಾಳೂ, ಹುಲ್ಲಿನೊಡನೆ ದನಗಳ ಮೇವೂ ಹೋದರೆ, ಉಳಿದ ಒಕ್ಕಲಿಗನಿಗೆ ಆ ವರ್ಷದ ಬೆಳೆಯೂ ಇಲ್ಲವಾಗುವುದು. ನೆಲವನ್ನು ಉಳಬೇಕಾದರೆ ಅದರ ಮೇಲೆ ಚೆಲ್ಲಿರುವ ಮೊಳೆ, ಗಾಜು, ತಂತಿ, ಸೀಳಿದ ಹಲಗೆಗಳನ್ನು ಮೊದಲು ಆಯಬೇಕು. ಹಳ್ಳಿಗಾಡಿನಲ್ಲಿ ಸುಂಟರಗಾಳಿಯ ಹಾನಿಯು ಗಾಳಿ ನಿಂತ ದಿನಕ್ಕೆ ಮುಗಿಯದೆ ಮುಂದಿನ ಸುಗ್ಗಿಯವರೆಗೂ ನಡೆಯುತ್ತಲೇ ಇರುವುದು.

೬

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ನಿಷೇಧವಿಲ್ಲದಿದ್ದರೆ ಈ ೬೯೫ ಮಂದಿಯೂ ಉಳಿಯುತ್ತಿದ್ದರೇ? ಆ ಕಾಲದಲ್ಲಿ ರಡಾರ್ ಇರಲಿಲ್ಲ. ಮೇಲಿನ ಗಾಳಿಯನ್ನು ಅಳೆಯುವ ಸಾಧನಗಳು ಅಲ್ಪವಾಗಿದ್ದುವು. ರೇಡಿಯೋ ಹಳ್ಳಿಗಳಲ್ಲಿ ವಿರಳವಾಗಿದ್ದಿತು. ಗಂಟೆಗೆ ೬೨ ಮೈಲಿ ಓಡುವ ಗಾಳಿಯನ್ನು ಕುರಿತು ಯಾರು ಯಾರಿಗೆ ತಿಳಿಸಬೇಕಾಗಿದ್ದಿತು? ಈ ಆಕ್ಷೇಪವು ನ್ಯಾಯವಾದುದು. ಎಲ್ಲ ಸಾವುಗಳ ಹೊಣೆಯನ್ನೂ ಒಂದು ನಿಯಮದ ಮೇಲೆ ಹೊರಿಸುವುದು ಚರಿತ್ರಕಾರನಿಗೆ ಸಲ್ಲದು. ಆದರೆ ೧೮೮೪ಕ್ಕೂ ೧೯೨೫ಕ್ಕೂ ನಡುವೆ ೪೧ ವರ್ಷಗಳು ಕಳೆದಿದ್ದುವು. ಅಷ್ಟು ಕಾಲ ಲಕ್ಷಣವನ್ನು ತಿದ್ದುವ, ತಂತಿಯನ್ನೂ ದೂರವಾಣಿಯನ್ನೂ ಬಳಸಿ ಒಂದೂರಿನಿಂದ ಇನ್ನೊಂದೂರಿಗೆ ಸುದ್ದಿಯನ್ನು ದಾಟಿಸುವ ಅಭ್ಯಾಸವು ಬೆಳೆಯಲಿಲ್ಲ. ಗಾಳಿಯು ಮೂರೂವರೆ ಗಂಟೆಗಳ ಕಾಲ ಪ್ರಾಯಶಃ ಒಂದೇ ನೇರದಲ್ಲಿ ನಡೆದರೂ, ಹಿಂದಿನ ಊರಿಗಾದ ಗತಿಯು ಮುಂದಿನ ಊರಿಗೆ ಎಚ್ಚರಿಕೆಯಾಗಿ ಮುಟ್ಟುವ ಏರ್ಪಾಡು ಇರಲಿಲ್ಲ. ನಿಷೇಧದ ದೊಡ್ಡ ಹಾನಿಯು ಇದೇ ಎಂದು ನಮಗೆ ತೋರುವುದು.

ಈ ಅಭಿಪ್ರಾಯಕ್ಕೆ ಮುಂದಿನ ಚರಿತ್ರೆಯೇ ಸಾಧಕವಾಗಿದೆ. ೧೯೩೮ರಲ್ಲಿ ನಿಷೇಧವು ಕೊಂಚ ಸಡಿಲವಾಯಿತಾದರೂ ಅಭ್ಯಾಸವು ಬದಲಾಗಲಿಲ್ಲ. ೧೯೪೮ರ ಮಾರ್ಚಿ ೨೦ರ ರಾತ್ರಿ ಒಕ್ಲಹೋಮಾ ನಗರದ ಬಳಿಯ ಟಿಂಕರ್ ಎಂಬ ವಾಯುಸೇನೆಯ ನೆಲೆಯ ಮೇಲೆ ಸುಂಟರಗಾಳಿಯು ಬಿದ್ದು ಅನೇಕ ವಿಮಾನಗಳು ನಾಶವಾದುವು. ಅಲ್ಲಿಯ ಅಧಿಕಾರಿಗಳಾದ ಅರ್ನೆಸ್ಟ್ ಫಾಬುಶ್ ಮತ್ತು ರಾಬರ್ಟ್ ಮಿಲ್ಲರ್ ಎಂಬುವರು ಆ ದಿನದ ವಾಯುಸ್ಥಿತಿಯನ್ನು ಹಿಂದಿನ ಸುಂಟರಗಾಳಿಗಳ ಸ್ಥಿತಿಯೊಡನೆ ಹೋಲಿಸಿ ನೋಡಿದರು. ಐದು ದಿನಗಳ ಮೇಲೆ, ಮಾರ್ಚಿ ೨೫ರಂದು, ಅಂಥದೇ ಲಕ್ಷಣಗಳು ಕಾಣಿಸಿದಾಗ ಅವರು ಸುಂಟರಗಾಳಿಯ ಮುನ್ಸೂಚನೆಯನ್ನು ಕೊಟ್ಟರು. ಆ ಸಂಜೆಯೇ ಅದೇ ನೆಲೆಯ ಮೇಲೆ ಎರಡನೆಯ ಸುಂಟರಗಾಳಿಯು ಬಂದಿತು. ಮುಂಚಿತವಾಗಿ ವಿಮಾನಗಳನ್ನು ಭದ್ರಪಡಿಸಿದ್ದುದರಿಂದ ಹಾನಿಯು ಕಡಮೆಯಾಯಿತು.

ಸೈನ್ಯದ ವಿಮಾನಗಳಿಗೆ ದೊರೆತ ಎಚ್ಚರಿಕೆಯು ತಮಗೇಕೆ ದೊರೆಯಬಾರದೆಂದು ಜನರು ಕೇಳತೊಡಗಿದರು. ೧೯೫೦ರ ಜುಲೈ ೧೨ರಂದು ಹವಾಮಾನದ ಇಲಾಖೆಯ ಮುಖ್ಯಾಧಿಕಾರಿಯು ಇಂಥ ಮುನ್ಸೂಚನೆಗೆ ಯಾವ ನಿಷೇಧವೂ ಇಲ್ಲವೆಂದು ಸುತ್ತೋಲೆಯ ಮೂಲಕ ತಿಳಿಸಿದನು. ೧೯೫೨ರ ಮಾರ್ಚಿಯಿಂದ ಸಾರ್ವಜನಿಕರಿಗಾಗಿ ಮುನ್ಸೂಚನೆಗಳು ಹೊರಟುವು. ೧೯೫೩ರ ಏಪ್ರಿಲ್ ೯ರಂದು ಇಲಿನಾಯ್ ಸಂಸ್ಥಾನದ ಜಲಪರಿಶೀಲನ ಸಂಸ್ಥೆಯ ರಡಾರಿನಲ್ಲಿ ಸುಂಟರಗಾಳಿಯ ಮೋಡವು ಕೊಕ್ಕೆಯ ಆಕಾರದಲ್ಲಿ ಮೊದಲ ಸಲ ಚಿತ್ರಿತವಾಯಿತು. ೧೯೨೫ರಲ್ಲಿ ಅತ್ಯಂತ ಹೆಚ್ಚಾಗಿ ನೊಂದ ಸಂಸ್ಥಾನದಲ್ಲಿಯೇ ಅದು ಕಂಡುಬಂದುದು ಸ್ಮರಣೀಯವಾಗಿದೆ. ಅನಂತರ ಸೈರನ್ನುಗಳು, ರೇಡಿಯೋ, ಮೋಡದೊಳಗಿನ ಗಾಳಿಯ ವೇಗವನ್ನೇ ಅಳೆಯುವ ಡಾಪ್ಲರ್ ರಡಾರುಗಳು, ಇವೆಲ್ಲ ಸೇರಿದುವು. ೧೯೨೫ರಿಂದ ೨೦೦೦ದವರೆಗಿನ ಅವಧಿಯಲ್ಲಿ ಆ ದೇಶದ ಜನಸಂಖ್ಯೆಗೆ ಅನುಗುಣವಾಗಿ ಸುಂಟರಗಾಳಿಯ ಸಾವುಗಳು ಹತ್ತರಲ್ಲಿ ಒಂದು ಪಾಲಿಗೂ ಕಡಮೆಯಾಗಿ ಇಳಿದುವು. ಹೆಸರನ್ನು ಕೇಳಿದರೆ ದಿಗಿಲಿನಿಂದ ಹೆಚ್ಚು ಹಾನಿಯಾಗುವುದೆಂಬ ೧೮೮೭ರ ಊಹೆಯು ಹೀಗೆ ಬಾಧಿತವಾಯಿತು.

ಫಿನ್ಲೆಯು ಸರ್ವಜ್ಞನಾಗಿದ್ದನೆಂದು ಇದರಿಂದ ತಿಳಿಯಬಾರದು. ಗಾಳಿಯು ನೈಋತ್ಯದಿಂದ ಬರುವುದರಿಂದ ನೆಲಮಾಳಿಗೆಯ ಪಶ್ಚಿಮ ಅಥವಾ ನೈಋತ್ಯದ ಕಡೆಯೇ ಕ್ಷೇಮವೆಂಬ ನಂಬಿಕೆಯು ಆತನ ಕಾಲದಿಂದ ಪ್ರಚಾರದಲ್ಲಿದ್ದಿತು. ೧೯೬೬ರ ಜೂನ್ ೮ರಂದು ಕ್ಯಾನ್ಸಾಸಿನ ಟೊಪೀಕಾ ನಗರದಲ್ಲಿ ಬೀಸಿದ ಸುಂಟರಗಾಳಿಯಿಂದ ಹಾಳಾದ ಮನೆಗಳನ್ನು ಪರಿಶೀಲಿಸಿದಾಗ ಆ ಮೂಲೆಯು ಕ್ಷೇಮವಲ್ಲವೆಂದು ಗೊತ್ತಾಯಿತು. ಆದರೆ ಈ ತಪ್ಪನ್ನು ತಿದ್ದುವುದಕ್ಕೂ ಬಹಿರಂಗವಾದ ಪರೀಕ್ಷೆಯೇ ಬೇಕಾಯಿತು. ಹೇಳಿದ ತಪ್ಪು ತಿದ್ದಲ್ಪಡುವುದು. ಹೇಳದ ಮಾತಿಗೆ ಪರೀಕ್ಷೆಯೇ ಇಲ್ಲ.

೭

ಹಳ್ಳಿಗಾಡಿನ ಹಾನಿಯನ್ನು ಕುರಿತು ಇನ್ನೊಂದು ವಿಷಯವನ್ನು ಹೇಳಬೇಕಾಗಿದೆ. ಶಿಲಾಶಾಸನಗಳನ್ನು ಓದುವವರಿಗೆ ಕಲ್ಲು ಹೇಗೋ, ಸುಂಟರ­ಗಾಳಿಯ ಚರಿತ್ರೆಯನ್ನು ಓದುವವರಿಗೆ ಹೊಲವು ಹಾಗೆ. ೧೯೬೫ರ ಏಪ್ರಿಲ್ ೧೧ರಂದು ನಡುನಾಡಿನ ಹಲವು ಸಂಸ್ಥಾನಗಳಲ್ಲಿ ಸುಂಟರಗಾಳಿಗಳು ಬೀಸಿದ ಮೇಲೆ, ಜಪಾನಿನಲ್ಲಿ ಹುಟ್ಟಿ ಷಿಕಾಗೊ ವಿಶ್ವವಿದ್ಯಾನಿಲಯದಲ್ಲಿದ್ದ ಟೆಟ್ಸುಯಾ ಫುಜಿತ ಎಂಬ ವಿದ್ವಾಂಸನು ವಿಮಾನದಿಂದ ಹೊಲಗಳನ್ನು ಪರಿಶೀಲಿಸಿದನು. ಹೊಲಗಳ ಮೇಲೆ ಬಳೆಗಳನ್ನು ಒಂದರ ಮೇಲೊಂದು ಸರಿಸಿಟ್ಟಂತೆ ಸುತ್ತುಸುತ್ತಾದ ಗೆರೆಗಳು ಕಂಡುಬಂದುವು. ಭಾರವಾದ ವಸ್ತುವನ್ನು ಗಾಳಿಯು ಎಳೆದುದರಿಂದ ಇಂಥ ಗೀರುಗಳಾಗುವುವೆಂದು ಹಿಂದಿನವರು ಊಹಿಸಿದ್ದರು. ಅವು ಕೂಳೆ ಮತ್ತು ಕಸಕಡ್ಡಿಗಳು ಸಾಲಾಗಿ ಬಿದ್ದ ಗುರುತುಗಳೆಂದು ತಿಳಿದುಬಂದು, ದೊಡ್ಡ ಸುಳಿಯೊಳಗೆ ಸಣ್ಣ ಸುಳಿಗಳು ಸುತ್ತುವುವೆಂಬ ಸಿದ್ಧಾಂತವನ್ನು ಫುಜಿತನು ಮಂಡಿಸಿದನು. ಒಂದು ಮನೆಯು ಪುಡಿಯಾಗಿ ಪಕ್ಕದ ಮನೆಯು ನಿಂತಿರುವ ವೈಚಿತ್ರ್ಯಕ್ಕೆ ಇದು ಸಮಾಧಾನವನ್ನು ಕೊಟ್ಟಿತು.

೧೯೭೧ರಲ್ಲಿ ಫುಜಿತನು ಹಾನಿಯನ್ನು ನೋಡಿ ಗಾಳಿಯ ವೇಗವನ್ನು ಅನುಮಾನಿಸುವ ಮಾನವೊಂದನ್ನು ರಚಿಸಿದನು. ಧೂಮದಿಂದ ವಹ್ನಿಯನ್ನು ಅನುಮಾನಿಸುವಂತೆ ಇಲ್ಲಿ ಭಗ್ನವಾದ ವಸ್ತುವಿನಿಂದ ಬಲವನ್ನು ಅನುಮಾನಿಸುವುದು. ೨೦೦೭ರಿಂದ ಅಮೆರಿಕಾದಲ್ಲಿ ಬಳಕೆಗೆ ಬಂದ ಪರಿಷ್ಕೃತವಾದ ಮಾನದಲ್ಲಿ ೨೮ ಬಗೆಯ ಗುರುತುಗಳುಂಟು. ಅವುಗಳಲ್ಲಿ ಮೊದಲನೆಯದು ಹೊಲದ ಸಣ್ಣ ಕೊಟ್ಟಿಗೆ. ಆದರೆ ಅನುಮಾನಕ್ಕೆ ಹೇತು ಬೇಕು. ಬರಿಯ ಬಯಲಿನ ಮೇಲೆ ಹಾದುಹೋದ ಗಾಳಿಯು ಮುರಿಯುವುದಕ್ಕೆ ಏನೂ ಸಿಕ್ಕದಿದ್ದರೆ, ಅದರ ಬಲವು ಎಷ್ಟೇ ಇದ್ದರೂ ‘ಅಜ್ಞಾತ’ವೆಂದೇ ಬರೆಯಲ್ಪಡುವುದು. ಕೊಟ್ಟಿಗೆಯು ದುರ್ಬಲವಾದ ಕಟ್ಟಡವಾದುದರಿಂದ ಅದನ್ನು ಕೆಡಹಿದ ಗಾಳಿಯು ಇನ್ನೂ ಎಷ್ಟು ಬಲವುಳ್ಳದ್ದಾಗಿದ್ದಿತೆಂಬುದನ್ನು ಅದು ಹೇಳಲಾರದು. ಆದಕಾರಣ ದಾಖಲೆಗಳಲ್ಲಿ ಹಳ್ಳಿಗಾಡಿನ ಗಾಳಿಯು ಪಟ್ಟಣದ ಗಾಳಿಗಿಂತ ಸೌಮ್ಯವಾಗಿ ಕಂಡರೆ, ಅದನ್ನು ಹಾಗೆಯೇ ನಂಬಬಾರದು. ಹಿಂದೆ ಮುನ್ಸೂಚನೆಯಲ್ಲಿ ಹೆಸರಿಲ್ಲದಂತಿದ್ದುದು ಇಂದು ಗಣನೆಯಲ್ಲಿ ಅಂಕೆಯಿಲ್ಲದಂತೆ ಉಳಿಯುವ ಸಂಭವವುಂಟು.

೮

ಉಪಸಂಹಾರದಲ್ಲಿ ಫಿನ್ಲೆಯ ನೂರು ಮುನ್ಸೂಚನೆಗಳಿಗೆ ಹಿಂದಿರುಗೋಣ. ಅವುಗಳಲ್ಲಿ ೭೨ ಹುಸಿಯಾದುವೆಂಬುದನ್ನು ನೋಡಿದೆವು. ೨೧ನೆಯ ಶತಮಾನದಲ್ಲಿ, ಅಷ್ಟೊಂದು ರಡಾರುಗಳ ಸಹಾಯದಿಂದ ಅಲ್ಲಿಯ ಇಲಾಖೆಯು ಕೊಟ್ಟಿರುವ ಎಚ್ಚರಿಕೆಗಳಲ್ಲಿಯೂ ನೂರಕ್ಕೆ ಸುಮಾರು ೭೦ ಹುಸಿಯಾಗಿವೆ! ಫಿನ್ಲೆಯ ಕಾಲಕ್ಕೂ ಈ ಕಾಲಕ್ಕೂ ಭೇದವಿಲ್ಲವೆಂದು ಇದರ ಅರ್ಥವಲ್ಲ. ಆತನು ವಿಶಾಲವಾದ ವಿಭಾಗಕ್ಕೆ ಗಂಟೆಗಟ್ಟಲೆಯ ಅವಧಿಗಾಗಿ ಹೇಳುತ್ತಿದ್ದನು. ಈಗ ಒಂದು ಜಿಲ್ಲೆಯ ಒಂದು ತುಂಡಿಗೆ ನಿಮಿಷಗಳ ಲೆಕ್ಕದಲ್ಲಿ ಹೇಳುವರು. ಆದರೂ ಅತಿವ್ಯಾಪ್ತಿಯು ಪೂರ್ತಿಯಾಗಿ ಹೋಗಲಿಲ್ಲ, ಹೋಗುವಂತೆಯೂ ಕಾಣುವುದಿಲ್ಲ. ಮೋಡವು ತಿರುಗುವುದು ಕಾಣುವುದು. ಅದು ಹೆರುವುದೋ ಇಲ್ಲವೋ ಎಂಬುದು ಕಾಣುವುದಿಲ್ಲ.

ಹಾಗಾದರೆ ೧೮೮೭ರವರಿಗೂ ೧೯೫೦ರವರಿಗೂ ಇದ್ದ ವ್ಯತ್ಯಾಸವು ಜ್ಞಾನದ ನಿಶ್ಚಯದಲ್ಲಿ ಇರಲಿಲ್ಲ. ಮೊದಲಿನವರು ಅತಿವ್ಯಾಪ್ತಿಯೆಂಬ ಅಪವಾದಕ್ಕೆ ಹೆದರಿ ಅಸಂಭವದೋಷವನ್ನು ಅಂಗೀಕರಿಸಿದರು. ಅನಂತರದವರು ಎಪ್ಪತ್ತು ಸಲ ಹುಸಿಯೆನಿಸಿಕೊಂಡರೂ ಚಿಂತೆಯಿಲ್ಲ, ಉಳಿದ ಮೂವತ್ತು ಸಲ ನೆಲಮಾಳಿಗೆಯ ಬಾಗಿಲು ಸಕಾಲದಲ್ಲಿ ಮುಚ್ಚಿರಲಿ ಎಂದು ನಿಶ್ಚಯಿಸಿದರು. ಹುಸಿಯಾದ ಎಚ್ಚರಿಕೆಯಿಂದ ಒಕ್ಕಲಿಗನಿಗೆ ಆಗುವ ನಷ್ಟವು ಅರ್ಧ ಗಂಟೆಯ ಕೆಲಸ. ಹೇಳದೆ ಹೋದ ಎಚ್ಚರಿಕೆಯ ನಷ್ಟವು ಏನೆಂಬುದನ್ನು ಮರ್ಫಿಸ್ಬರೊ, ಡಿ ಸೋಟೊ, ಗ್ರಿಫಿನ್ ಎಂಬ ಊರುಗಳೂ, ಅವುಗಳ ನಡುವೆ ಹೆಸರಿಲ್ಲದೆ ಹೋದ ಒಕ್ಕಲುಮನೆಗಳೂ ತಿಳಿಸುತ್ತವೆ. ಜನರು ಹೆದರಿಯಾರೆಂಬ ಕಾರಣದಿಂದ ಅಪಾಯದ ಹೆಸರನ್ನು ಮುಚ್ಚಿಡುವ ಅಧಿಕಾರಿಗಳು ಯಾವ ದೇಶದಲ್ಲಿದ್ದರೂ ಈ ಚರಿತ್ರೆಯನ್ನು ಒಮ್ಮೆ ಅವಲೋಕಿಸುವುದು ಯುಕ್ತವೆಂದು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ.